ಕರಾವಳಿಯ ಇಗರ್ಜಿಗಳೂ ನಮ್ಮ ಶಿಲ್ಪಚರಿತ್ರೆಯೂ

ಭಟ್ಕಳಕ್ಕೆ ಹೋಗುವ ಇತಿಹಾಸಾಸಕ್ತರು ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯನ್ನೂ ಕೇತಪೈ ನಾರಾಯಣ ದೇವಾಲಯವನ್ನೂ ಕಂಡು ಹಿಂದಿರುಗುತ್ತಾರೆ. ಭಟ್ಕಳ, ಹೊನ್ನಾವರ, ಕುಮಟಾಗಳ ಇಗರ್ಜಿಗಳತ್ತ ಅವರ ದೃಷ್ಟಿ ಹರಿಯುವುದು ವಿರಳ. ಅವು ಪರದೇಶದವೆಂಬ ಭಾವನೆಯೇ ಇದಕ್ಕೆ ಕಾರಣ. ಅದು ನನಗೆ ಒಪ್ಪಿತವಲ್ಲ.

ಗೇರುಸೊಪ್ಪೆಯ ಜೈನರಾಣಿ ಚೆನ್ನಭೈರಾದೇವಿ ಪೋರ್ಚುಗೀಸರೊಡನೆ ಮೆಣಸಿನ ವ್ಯಾಪಾರವನ್ನೂ ಕಾಳಗವನ್ನೂ ನಡೆಸಿದ ಕಾಲದಲ್ಲೇ, 1569ರಲ್ಲಿ, ಹೊನ್ನಾವರದ ಕೋಟೆ ಅವರ ವಶವಾಯಿತು. ಶಿಲುಬೆ ಬಂದದ್ದು ಆ ಕಡಲ ಹಾದಿಯಲ್ಲೇ. ಇಗರ್ಜಿಯ ಕಮಾನು, ಗಂಟೆಗೋಪುರಗಳ ಮಾದರಿ ಗೋವೆಯದು, ನಿಜ. ಆದರೆ ಗೋಡೆಯ ಕೆಂಪು ಮುರಕಲ್ಲು ಈ ನೆಲದ್ದು. ಇಳಿಜಾರಾದ ಹೆಂಚಿನ ಮಾಡನ್ನು ಕೇಳಿದ್ದು ಇಲ್ಲಿಯ ಮಳೆ. ಭಟ್ಕಳದ ಬಸದಿಯ ಇಳಿಜಾರು ಕಲ್ಲುಚಪ್ಪಡಿಗಳಿಗೂ ಅದೇ ಮಳೆ ಗುರು. ಇಗರ್ಜಿಯ ಅಂಗಳದಲ್ಲಿ ಒಂಟಿಯಾಗಿ ನಿಂತ ಶಿಲುಬೆಯನ್ನು ಕಂಡಾಗ ನನಗೆ ಮಾನಸ್ತಂಭ ನೆನಪಾಗುತ್ತದೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳುತ್ತಿಲ್ಲ; ಅಂತಹ ಆತುರದ ತೀರ್ಮಾನಗಳು ನಮ್ಮಲ್ಲಿ ಬೇಕಾದಷ್ಟಿವೆ.

1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಸೆರೆಯಾದರು, ಹಲವು ಇಗರ್ಜಿಗಳು ನೆಲಸಮವಾದವು. ಅನಂತರ ಕಟ್ಟಿದವುಗಳಿಗೆ ಇಂದಿನ ಭಯ ಬೇರೆ: ಜೀರ್ಣೋದ್ಧಾರ. ಹಳೆಯ ಕಲ್ಲಿನ ಮೇಲೆ ನುಣುಪು ಹಾಸು ಹೊದಿಸುವ ಉತ್ಸಾಹವನ್ನು ನಮ್ಮ ಬಸದಿಗಳಲ್ಲೇ ಕಂಡು ನೊಂದವನು ನಾನು. ಮರದ ಬಲಿಪೀಠವೂ ಬಣ್ಣದ ಸಂತಪ್ರತಿಮೆಯೂ ಅದಕ್ಕೆ ಬಲಿಯಾಗುವ ಮುನ್ನ, 1976ರಲ್ಲಿ ರೂಪುಗೊಂಡ ಕಾರವಾರ ಧರ್ಮಪ್ರಾಂತ್ಯವು ಅವುಗಳನ್ನು ಅಳೆದು, ಚಿತ್ರಿಸಿ, ಗಂಟೆ-ಗೋರಿಗಳ ಬರಹಗಳೊಡನೆ ದಾಖಲಿಸಬೇಕು. ಶಾಸನ ಓದಬಲ್ಲ ನಾವೂ ಜೊತೆಗೂಡಬೇಕು. ಗೇರುಸೊಪ್ಪೆಯ ಕಾಡಿನಲ್ಲಿ ಚತುರ್ಮುಖ ಬಸದಿಯ ಸುತ್ತ ಬಿದ್ದಿರುವ ಕಲ್ಲುಗಳನ್ನು ನೋಡಿದವರಿಗೆ ಅವಸರ ಏಕೆಂದು ವಿವರಿಸಬೇಕಾಗಿಲ್ಲ.