ಕಾರ್ವೆಟ್ ನಿಜವಾಗಿ ಹುಟ್ಟಿದ್ದು ಯಾವಾಗ?



ಅಮೆರಿಕದ ಹೆಸರಾಂತ ಸ್ಪೋರ್ಟ್ಸ್ ಕಾರು ಷೆವ್ರೊಲೆ ಕಾರ್ವೆಟ್. ಅದು ಹುಟ್ಟಿದ್ದು 1953ರಲ್ಲಿ ಅಂತ ಎಲ್ಲರೂ ಬರೆಯುತ್ತಾರೆ. ನನ್ನ ಲೆಕ್ಕದಲ್ಲಿ ಅದು ಹುಟ್ಟಿದ್ದು 1955ರಲ್ಲಿ. ಯಾಕೆ ಅಂತ ಹೇಳ್ತೇನೆ, ಒಪ್ಪದಿದ್ದರೆ ಬರೆದು ತಿಳಿಸಿ.

1953ರ ಜನವರಿಯಲ್ಲಿ ಜನರಲ್ ಮೋಟರ್ಸ್ ಕಂಪನಿ ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಕಾರುಗಳ ಪ್ರದರ್ಶನ ಇಟ್ಟಿತು. ವಿನ್ಯಾಸಗಾರ ಹಾರ್ಲಿ ಅರ್ಲ್ ಅವರ ತಂಡ ರೂಪಿಸಿದ ಎರಡು ಸೀಟಿನ ಬಿಳಿ ಕಾರಿಗೆ ಜನ ಮಾರುಹೋದರು. ಜೂನ್ 30ಕ್ಕೆ ಮಿಶಿಗನ್ ರಾಜ್ಯದ ಫ್ಲಿಂಟ್ ಪಟ್ಟಣದಲ್ಲಿ ತಯಾರಿಕೆ ಶುರುವಾಯಿತು. ಆ ವರ್ಷ ಆದದ್ದು 300 ಕಾರು. ಎಲ್ಲವೂ ಹೊರಗೆ ಬಿಳಿ, ಒಳಗೆ ಕೆಂಪು.

ಅದರ ಮೈ ಉಕ್ಕಿನದ್ದಲ್ಲ, ಫೈಬರ್‌ಗ್ಲಾಸಿನದ್ದು. ಈಗ ಕಡಲಿಗಿಳಿಯುವ ಫೈಬರ್ ದೋಣಿಗಳಿಗೆ ಬಳಸುವುದೂ ಇದನ್ನೇ. ಗಾಜು ಬಿದ್ದರೆ ಒಡೆಯುತ್ತದೆ, ಅಲ್ವಾ? ಅದನ್ನೇ ಕೂದಲಿಗಿಂತ ತೆಳ್ಳಗಿನ ಎಳೆಗಳಾಗಿ ಎಳೆದರೆ, ಬಿರುಕು ಶುರುವಾಗುವ ದೋಷಗಳು ತೀರಾ ಕಡಿಮೆಯಾಗುತ್ತವೆ. ಆ ಎಳೆಗಳನ್ನು ರಾಳದಲ್ಲಿ ಕೂರಿಸಿದರೆ, ಎಳೆತವನ್ನು ಗಾಜು ತಡೆಯುತ್ತದೆ, ಗಾಜನ್ನು ರಾಳ ಹಿಡಿದಿಡುತ್ತದೆ. ಒಂದು ಎಳೆ ತುಂಡಾದರೂ ಬಿರುಕು ಪಕ್ಕದ ಎಳೆಗೆ ಸುಲಭವಾಗಿ ದಾಟುವುದಿಲ್ಲ. ಉಕ್ಕಿನ ತಗಡು ಒತ್ತುವ ಅಚ್ಚುಗಳು ಬಹಳ ದುಬಾರಿ. ಕೆಲವೇ ಕಾರು ಮಾಡುವವರಿಗೆ ಇದು ಒಳ್ಳೆಯ ದಾರಿ.

ಆದರೆ ಬಾನೆಟ್ ಎತ್ತಿದರೆ? ಷೆವ್ರೊಲೆಯ ಮಾಮೂಲಿ ಕಾರಿನ ಆರು ಸಿಲಿಂಡರ್ ಎಂಜಿನನ್ನೇ ತಿದ್ದಿ 150 ಅಶ್ವಶಕ್ತಿಗೆ ಏರಿಸಿದ್ದರು. ಗೇರ್ ಎರಡೇ, ಅದೂ ಆಟೊಮ್ಯಾಟಿಕ್. ವೇಗದ ಹುಚ್ಚಿನವರಿಗೆ ಇದು ಸಾಕೇ? 1954ರಲ್ಲಿ 3,640 ಕಾರು ತಯಾರಾಗಿ, ಎಷ್ಟೋ ಕಾರುಗಳು ಮಾರಾಟವಾಗದೆ ಉಳಿದವು. ಮರುವರ್ಷ ಮಾಡಿದ್ದು 700 ಮಾತ್ರ. ಕಥೆ ಅಲ್ಲಿಗೇ ಮುಗಿಯಬೇಕಿತ್ತು.

ನ್ಯೂಯಾರ್ಕಿನ ಪ್ರದರ್ಶನ ನೋಡಿದವರಲ್ಲಿ ಜೋರಾ ಆರ್ಕಸ್-ಡುಂಟೊವ್ ಕೂಡ ಒಬ್ಬರು. ಬ್ರಸೆಲ್ಸ್‌ನಲ್ಲಿ ಹುಟ್ಟಿ ಬರ್ಲಿನ್‌ನಲ್ಲಿ ಓದಿದ ಎಂಜಿನಿಯರ್. ಕಾರಿನ ಚಂದಕ್ಕೆ ಸೋತು ಷೆವ್ರೊಲೆಗೆ ಪತ್ರ ಬರೆದು ಕೆಲಸಕ್ಕೆ ಸೇರಿದರು. ಸೇರಿದ ವರ್ಷವೇ ಮೇಲಿನವರಿಗೆ ಟಿಪ್ಪಣಿ ಬರೆದರು: ವೇಗ ಬಯಸುವ ಹುಡುಗರ ಮನಸ್ಸಿನಲ್ಲಿ ಇರುವುದು ಫೋರ್ಡ್, ನಾವಲ್ಲ. ಹೊಸದಾಗಿ ಸೇರಿದವರು ಹೀಗೆ ಬರೆಯುವುದಕ್ಕೆ ಧೈರ್ಯ ಬೇಕು.

1955ರಲ್ಲಿ ಅದೇ ಮೈಯೊಳಗೆ ಎಂಟು ಸಿಲಿಂಡರಿನ ವಿ-8 ಎಂಜಿನ್ ಬಂತು. 195 ಅಶ್ವಶಕ್ತಿ, ತೂಕ ಹಳೆಯದಕ್ಕಿಂತ ಕಡಿಮೆ. ನಾನು ಹುಟ್ಟಿದ ದಿನ ಅನ್ನುವುದು ಇದನ್ನೇ.

ಒಮ್ಮೆ ಶಾಲೆಯ ವಿಜ್ಞಾನ ಮೇಳದಲ್ಲಿ ನಾನೂ ಬಣ್ಣಕ್ಕೆ ಸೋತಿದ್ದೆ. ಥರ್ಮೊಕೋಲಿನ ಚಂದದ ಅಣೆಕಟ್ಟಿಗೆ ಮೊದಲ ಬಹುಮಾನ ಕೊಟ್ಟೆ. ಹಳೇ ಬಾಟಲಿ, ಪೈಪು ಜೋಡಿಸಿದ ಪಂಪು ನಿಜವಾಗಿಯೂ ನೀರೆತ್ತುತ್ತಿತ್ತು, ಅದಕ್ಕೆ ಮೂರನೆಯದು. ಆ ಹುಡುಗಿ ಏನೂ ಹೇಳಲಿಲ್ಲ, ಬಕೆಟ್ ಎತ್ತಿಕೊಂಡು ಹೋದಳು. ಈ ಸಲ ನಿಮ್ಮ ಮೇಜಿನ ಹತ್ತಿರ ಬಂದರೆ ಮೊದಲು ಸ್ವಿಚ್ ಹಾಕಲು ಹೇಳ್ತೇನೆ.