ಉಪ್ಪಿನ ಲೆಕ್ಕ ಪ್ಯಾಕೆಟ್ ಮೇಲಿರಲಿ

ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆ ಸುಳ್ಳಲ್ಲ. ಆದರೆ ರಕ್ತದೊತ್ತಡ ಇರುವವರಿಗೆ ಆ ರುಚಿ ದುಬಾರಿ. ಉಪ್ಪಿನಲ್ಲಿರುವ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ರಕ್ತನಾಳಗಳ ಮೇಲೆ ಒತ್ತಡ ಏರುತ್ತದೆ. ವರ್ಷಗಟ್ಟಲೆ ಹೀಗೇ ಮುಂದುವರಿದರೆ ಹೃದಯ, ಮಿದುಳು, ಮೂತ್ರಪಿಂಡಗಳಿಗೆ ಪೆಟ್ಟು. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚವೂ ತುಂಬದಷ್ಟು ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನನ್ನ ಅಪ್ಪನಿಗೆ ಬಿಪಿ ಇದೆ. ಅಮ್ಮ ಸಾರಿಗೆ ಉಪ್ಪು ಕಡಿಮೆ ಹಾಕುತ್ತಾರೆ. ಆದರೆ ತಟ್ಟೆಯ ಅಂಚಿನ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿಕ್ಸ್ಚರ್ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಉಪ್ಪೆನಿಸದ ಬ್ರೆಡ್, ಬಿಸ್ಕತ್ತಿನಲ್ಲೂ ಉಪ್ಪಿದೆ. ಪ್ಯಾಕೆಟ್ ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ಕಾಣುವುದು ಸೋಡಿಯಂ ಎಷ್ಟು ಮಿಲಿಗ್ರಾಂ ಎಂಬುದು. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ: 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು.

ಎಂಜಿನಿಯರಿಂಗ್ ಓದುವ ನನಗೆ ಈ ಗುಣಾಕಾರ ಸುಲಭ. ಅಂಗಡಿ ಮುಂದೆ ಕನ್ನಡಕ ತಡಕಾಡುವ ಅಪ್ಪ ಏನು ಮಾಡಬೇಕು? ಪ್ಯಾಕೆಟ್ಟಿನ ಮುಂಭಾಗದಲ್ಲೇ ಎಷ್ಟು ಗ್ರಾಂ ಉಪ್ಪಿದೆ ಎಂದು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಮುದ್ರಿಸುವುದು ಕಡ್ಡಾಯವಾಗಲಿ. ಅಲ್ಲಿಯವರೆಗೆ ಮನೆಯ ಡಬ್ಬಿಗಳ ಮೇಲೆ ಆ ಲೆಕ್ಕ ಬರೆದು ಅಂಟಿಸುವ ಕೆಲಸ ನಮ್ಮಂಥ ಮಕ್ಕಳದ್ದೇ.