ಹದ್ದು 'ಡೈವ್ ಮಾಡ್ತು'!

ಮೊನ್ನೆ ನಮ್ಮ ಕಟ್ಟಡದ ಕನ್ನಡದ ಹುಡುಗನೊಬ್ಬ ಕಿಟಕಿಯಲ್ಲಿ ನಿಂತು ಕೂಗಿದ: "ಅಮ್ಮಾ, ಹದ್ದು ಡೈವ್ ಮಾಡ್ತು!" ತಾಯಿ ಹಿಗ್ಗಿದರು. ಮುಂಬಯಿಯಲ್ಲಿ ಹುಟ್ಟಿದ ಮಗು ಕನ್ನಡದಲ್ಲೇ ಮಾತಾಡಿತಲ್ಲ! ನನಗೇಕೋ ಹಿಗ್ಗಲಾಗಲಿಲ್ಲ. ವಾಕ್ಯದ ತಲೆ, ಬಾಲ ಕನ್ನಡದವು. ಜೀವ ಮಾತ್ರ ಎರವಲು.

'ಡೈವ್' ಕೆಟ್ಟ ಪದವಲ್ಲ, ದುಡಿಯುವ ಪದ. ಈಜುಗಾರ ತಲೆಕೆಳಗಾಗಿ ನೀರಿಗೆ ಹಾರಿದರೂ ಡೈವ್. ಜಲಾಂತರ್ಗಾಮಿ ಆಳಕ್ಕಿಳಿದರೂ ಡೈವ್. ಕ್ರಿಕೆಟ್ಟಿನಲ್ಲಿ ಚೆಂಡಿಗಾಗಿ ಮೈಚಾಚಿ ಬಿದ್ದರೂ ಡೈವ್. ಫುಟ್‌ಬಾಲಿನಲ್ಲಿ ಪೆಟ್ಟಾದಂತೆ ನಟಿಸಿ ಉರುಳಿದರೂ ಡೈವ್. ಅಗ್ಗದ ಕೊಳಕು ಹೆಂಡದಂಗಡಿಗೂ ಅದೇ ಹೆಸರು! ಇಂಗ್ಲಿಷರಿಗಾದರೋ ಬೇಕಾದಾಗ ಬಳಸಲು ಬೇರೆ ಮಾತುಗಳೂ ಉಂಟು. ನಮ್ಮ ಮಕ್ಕಳಿಗೆ ಉಳಿದಿರುವುದು ಇದೊಂದೇ.

ಕನ್ನಡದ ಕಣ್ಣು ಎಷ್ಟು ಸೂಕ್ಷ್ಮವೆಂಬುದನ್ನು ನೋಡಿ. ಹದ್ದು ಎರಗುತ್ತದೆ. ಮಿಂಚುಳ್ಳಿ ಧುಮುಕುತ್ತದೆ. ತೇಲುತ್ತಿದ್ದ ನೀರುಕಾಗೆ ಮುಳುಗುತ್ತದೆ. ಷೇರಿನ ಬೆಲೆ ಕುಸಿಯುತ್ತದೆ. ಜೋಗದಲ್ಲಿ ಶರಾವತಿ 830 ಅಡಿ ಧುಮ್ಮಿಕ್ಕುತ್ತಾಳೆ. 1942ರ ಆಗಸ್ಟ್ 8ರಂದು ಇದೇ ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಿಂದ 'ಭಾರತ ಬಿಟ್ಟು ತೊಲಗಿ' ಎಂಬ ಕರೆ ಹೊರಟಾಗ ಜನ ಚಳವಳಿಗೆ ಧುಮುಕಿದರು. 'ಚಳವಳಿಗೆ ಡೈವ್ ಮಾಡಿದರು' ಎಂದು ಹೇಳಿ ನೋಡಿ, ನಾಲಿಗೆಯೇ ನಾಚುತ್ತದೆ. ಸಾಲದಲ್ಲಿ ಮುಳುಗುವುದು ಗ್ರಹಚಾರ. ಹೋರಾಟಕ್ಕೆ ಧುಮುಕುವುದು ಧೈರ್ಯ. ಈ ಭೇದ ಅಳಿದರೆ ಅಳಿಯುವುದು ಬರೀ ಪದವಲ್ಲ, ವಿವೇಕ.

"ಬಸ್ಸು, ಟಿಕೆಟ್ಟು ಕನ್ನಡವಾಗಲಿಲ್ಲವೇ?" ಎಂದು ಕೆಲವರು ವಾದಿಸುತ್ತಾರೆ. ಆದವು, ಸಂತೋಷ. ವಸ್ತು ಬಂತು, ಜೊತೆಗೆ ಹೆಸರೂ ಬಂತು. ನಾಮಪದ ಮನೆಗೆ ಬಂದ ಅತಿಥಿ. ಆದರೆ ಕ್ರಿಯಾಪದ ಮನೆಯ ಒಡತಿ. 'ಜಂಪ್ ಮಾಡು, ಕಟ್ ಮಾಡು, ವಾಶ್ ಮಾಡು, ಡೈವ್ ಮಾಡು' ಎನ್ನುತ್ತ ಒಡತಿಯರನ್ನೆಲ್ಲ ಹೊರಗಟ್ಟಿ, 'ಮಾಡು' ಎಂಬ ಒಬ್ಬನೇ ಆಳನ್ನಿಟ್ಟುಕೊಂಡರೆ ಸಂಸಾರ ನಡೆದೀತೇ?

ಇದಕ್ಕೆ ಶಾಲೆಯನ್ನು ದೂರಿ ಫಲವಿಲ್ಲ. ಅಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಕಲಿಯಲೇಬೇಕು, ಕಲಿಯಲಿ. ಕನ್ನಡಕ್ಕೆ ಉಳಿದಿರುವುದು ನಮ್ಮ ಊಟದ ಮನೆ ಮತ್ತು ನಮ್ಮ ಬಾಯಿ. ಮಗು ಕಲಿತದ್ದು ನಮ್ಮಿಂದಲೇ, ಮರೆತದ್ದೂ ನಮ್ಮಿಂದಲೇ. ನವೆಂಬರ್ ಒಂದರಂದು ವೇದಿಕೆಯೇರಿ ಜೈಕಾರ ಹಾಕಿ, ಮರುದಿನ ಅಡುಗೆಮನೆಯಲ್ಲಿ 'ಆನಿಯನ್ ಕಟ್ ಮಾಡು' ಎನ್ನುವ ನಮಗೆ ಮಕ್ಕಳನ್ನು ಗದರುವ ಹಕ್ಕಿಲ್ಲ.

ಇಂದು ಸಂಜೆ ಮಗುವನ್ನು ಕಿಟಕಿಯ ಬಳಿಗೆ ಕರೆದೊಯ್ಯಿರಿ. ಈ ಊರಿನ ಆಕಾಶದಲ್ಲಿ ಹದ್ದುಗಳಿಗೇನೂ ಬರವಿಲ್ಲ. "ನೋಡು ಕಂದಾ, ಎರಗಿತು!" ಎನ್ನಿ. ಕನ್ನಡದ ಕೆಲಸ ಅಲ್ಲಿಂದಲೇ ಆರಂಭವಾಗಲಿ.